ನೆರೆಮನೆಯ ಚಪ್ಪರಕ್ಕೆ ಹೊದಿಸಿದ ಟಾರ್ಪಾಲು

ಕಣ್ಣಿನ ಆಪರೇಷನ್ ಆದಮೇಲೆ ಸದ್ಯಕ್ಕೆ ಡ್ರೈವ್ ಮಾಡಕೂಡದೆಂದು ಡಾಕ್ಟರರ ಅಪ್ಪಣೆಯಾಯಿತು. ಅಮೆರಿಕದ ಈ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಇದಕ್ಕೆ ಗೃಹಬಂಧನವೆಂದು ಹೆಸರು. ಹಾಲು ಬೇಕಾದರೂ ಕಾರು ಬೇಕು. ಧಾರವಾಡದವಳಾದ ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಪ್ಲೇನ್‌ಫೀಲ್ಡ್‌ಗೆ ಹೋಗಿದ್ದಳು. ನಾನು ಅಡುಗೆಮನೆಯ ಕಿಟಕಿಯಿಂದ ನನ್ನ ಸಾಮ್ರಾಜ್ಯವನ್ನು ವೀಕ್ಷಿಸುತ್ತ ವಾರಗಳನ್ನು ತಳ್ಳುತ್ತಿದ್ದೆ. ಸಾಮ್ರಾಜ್ಯವೆಂದರೆ ಪಕ್ಕದ ಮನೆಯ ಹಿತ್ತಲು.

ಅಲ್ಲಿನ ಯಹೂದಿ ಗೃಹಸ್ಥರು ಪ್ರತಿ ಸುಗ್ಗಿ ಹಬ್ಬಕ್ಕೂ ಒಂದು ಚಪ್ಪರ ಹಾಕುತ್ತಾರೆ. ಪೂರ್ವಿಕರು ಮರುಭೂಮಿಯಲ್ಲಿ ಅಲೆಯುತ್ತ ಹೀಗೆಯೇ ಬದುಕಿದ್ದರಂತೆ. ಆ ನೆನಪಿಗೆ ವಾರವಿಡೀ ಊಟ ಅದರೊಳಗೆ. ಈ ಸಲ ಮೊದಲ ರಾತ್ರಿಗೆ ನನ್ನನ್ನೂ ಕರೆದಿದ್ದರು. ಎಷ್ಟೋ ದಿನಗಳ ಮೇಲೆ ನಾನು ಕಾಲಿಡಲಿದ್ದ ಪರಸ್ಥಳ. ಬೆಳಿಗ್ಗೆಯೇ ಪ್ಯಾಂಟು ಇಸ್ತ್ರಿ ಮಾಡಿದೆ.

ಮಧ್ಯಾಹ್ನ ಮೋಡ ಕವಿಯಿತು. ಚಪ್ಪರದ ಮೇಲೆ ಬರೀ ಜೋಳದ ದಂಟು, ನಡುನಡುವೆ ಕೈ ತೂರುವಷ್ಟು ಸಂದು. ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಊರಿನಲ್ಲಿ ಅಷ್ಟು ಮದುವೆ ಚಪ್ಪರ ಕಂಡವನಿಗೆ ಸುಮ್ಮನಿರಲಾಗುತ್ತದೆಯೇ? ನಮ್ಮ ಗ್ಯಾರೇಜಿನ ನೀಲಿ ಟಾರ್ಪಾಲನ್ನು ಕೋಲಿನಿಂದ ತಳ್ಳಿ ಹೊದಿಸಿ, ಕಂಬಗಳಿಗೆ ಬಿಗಿದೆ.

ಕತ್ತಲಾದಮೇಲೆ ಅವರು ಮಂದಿರದಲ್ಲಿ ಪ್ರಾರ್ಥನೆ ಮುಗಿಸಿ ಸಂಸಾರಸಮೇತ ನಡೆದು ಬಂದರು. ಸನ್ಮಾನದ ಶಾಲಿಗೆ ಕಾದವನಂತೆ ನಾನು ಚಪ್ಪರದ ಬಾಗಿಲಲ್ಲಿ ನಿಂತಿದ್ದೆ. ಅವರು ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು.

“ತುಂಬ ಉಪಕಾರ. ಆದರೆ ಆಕಾಶ ಕಾಣೋದಿಲ್ಲ, ಅಲ್ವಾ?”

“ಮಳೇನೂ ಬರೋದಿಲ್ಲ!” ಅಂದೆ.

“ಹೀಗೆ ಮುಚ್ಚಿದ್ದರೆ ಇದು ಚಪ್ಪರವೇ ಅಲ್ಲ. ನಾವು ಇಲ್ಲಿ ಊಟ ಮಾಡೋ ಹಾಗಿಲ್ಲ.”

“ಅಯ್ಯೋ, ಹಾಗಾದರೆ ಬಿಚ್ಚಿಬಿಡಿ.”

“ಹಬ್ಬ ಶುರುವಾಯ್ತು. ಇಂಥ ಗಂಟು ಇವತ್ತು ನಾವು ಬಿಚ್ಚೋ ಹಾಗಿಲ್ಲ.”

ಅಷ್ಟೇ. ಅವರು ನಿಂತರು, ನಾನೂ ನಿಂತೆ, ಮಕ್ಕಳು ಹಸಿದು ನಿಂತರು. ಅಷ್ಟರಲ್ಲಿ ಹೆಂಡತಿಯ ಫೋನು. ಪಿಸುದನಿಯಲ್ಲಿ ವಿಷಯ ಹೇಳಿದೆ.

“ನಿಮಗ ಯಾರ್ ಹೇಳಿದ್ರು ಅಲ್ಲಿ ಹೋಗಿ ಕಟ್ಟಂತ? ಅವ್ರು ಬಿಚ್ಚಂಗಿಲ್ಲ, ನಿಮಗ ಬಿಚ್ಚಂತ ಹೇಳಂಗೂ ಇಲ್ಲ ಇರಬೇಕು. ಮಡಿಯಾಗಿದ್ದಾಗ ನಮ್ಮಜ್ಜಿ ಗ್ವಾಡಿ ನೋಡಿ ‘ಹಾಸಿಗಿ ಹಂಗೇ ಬಿದ್ದಾವು’ ಅಂತಿದ್ಳು, ನಾವು ತಗೀತಿದ್ವಿ. ಬಿಚ್ಚ್ರಿ ಲಗೂನ!”

ಬಿಚ್ಚಲು ಹೊರಟೆ. ಕಾರು ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವನ ಗಂಟು, ಕಣ್ಣು ಮಂಜು. ಗೃಹಸ್ಥರು ಜೋಳದ ದಂಟಿಗೆ ಹೇಳುವಂತೆ, “ಎಡಗಡೆಯದು ಸ್ವಲ್ಪ ಸಡಿಲ ಇದ್ದಂತಿದೆ,” ಅಂದರು. ಕೊನೆಗೂ ಟಾರ್ಪಾಲು ಹುಲ್ಲಿನ ಮೇಲೆ ಕುಸಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಮಂತ್ರ ಹೇಳಿ, ಬ್ರೆಡ್ಡನ್ನು ಜೇನಿಗೆ ಅದ್ದಿ ಕೊಟ್ಟರು. ಸೂಪು ಬಂತು. ಹಿಂದೆಯೇ ಮಳೆಯೂ ಬಂತು.

“ಊಟ ಕೆಡುವಷ್ಟು ಮಳೆ ಬಂದರೆ ಮನೆಯೊಳಗೆ ಹೋಗಬಹುದು, ಶಾಸ್ತ್ರವಿದೆ,” ಎಂದು ಅವರೆದ್ದರು. ಅವರ ಹೆಂಡತಿ, ಮಕ್ಕಳು ತಟ್ಟೆ ಹಿಡಿದು ಓಡಿಯಾಗಿತ್ತು. “ಒಳಗೆ ಬನ್ನಿ.”

ನಾನು ಏಳಲಿಲ್ಲ. “ಒಳಗೇ ಇದ್ದೆನಲ್ಲ ಇಷ್ಟು ದಿನ. ಇನ್ನೊಂದು ಚೂರು ಬ್ರೆಡ್ಡು ಇಲ್ಲೇ ತಿಂತೀನಿ.”

ಅವರು ನನ್ನನ್ನು ನೋಡಿದರು. ಜೇನಿನ ಬಟ್ಟಲಿಗೆ ತಮ್ಮ ತಟ್ಟೆ ಮುಚ್ಚಿ, ಮತ್ತೆ ಕುಳಿತರು.