ಅಮ್ಮ ಬರೆದ ರಾಜ್ಯ

ಭಾನುವಾರದ ಬೆಳಗ್ಗೆ, ಟೂವಾಂಗಿನ ನಮ್ಮ ಇಕ್ಕಟ್ಟಾದ ಅಡುಗೆಮನೆಯಲ್ಲಿ ನೀರುದೋಸೆ ಕಾವಲಿ ಬಿಡುವುದನ್ನೇ ಕಾಯುತ್ತ ನಿಂತಿದ್ದಾಗ, ಹದಿನೈದರ ಮಗಳು ಶಾಲೆಯ ಚರ್ಚಾಸ್ಪರ್ಧೆಯ ಚೀಟಿಗಳನ್ನು ಹಿಡಿದು ಬಂದಳು. ನಾವಿರುವ ಈ ದೇಶದ ರಾಜಧಾನಿಗೆಂದು ನ್ಯೂ ಸೌತ್ ವೇಲ್ಸ್‌ನಿಂದ ಕತ್ತರಿಸಿಕೊಂಡ ಕ್ಯಾನ್‌ಬೆರಾದ ನೆಲವನ್ನು ಮತ್ತೆ ಆ ರಾಜ್ಯಕ್ಕೇ ಮರಳಿಸಬೇಕೆಂದು ಅವಳು ವಾದಿಸಬೇಕಿತ್ತು.

"ಸೋ ಈಸಿ ಅಮ್ಮ, ಇಟ್ಸ್ ಜಸ್ಟ್ ಎ ಲೈನ್" ಎಂದಳು.

ಬೇರೆ ದಿನವಾಗಿದ್ದರೆ ನಕ್ಕು ದೋಸೆ ಮಡಚುತ್ತಿದ್ದೆ. ಆದರೆ ಮಿತ್ರರೇ, ಅಂಥದ್ದೇ ಒಂದು ಗೆರೆಯಿಂದಾಗಿ ನನ್ನ ಅಮ್ಮ ಇಲ್ಲಿಗೆ ಬರಬೇಕಾದ ವೀಸಾ ಮೂರು ವಾರಗಳಿಂದ ನಿಂತುಹೋಗಿತ್ತು.

ಅಮ್ಮ ಹುಟ್ಟಿದ್ದು, ಕನ್ನಡ ಶಾಲೆಯಲ್ಲಿ ಪಾಠ ಹೇಳಿದ್ದು, ಈಗ ಚಿಕ್ಕಮ್ಮನೊಡನೆ ಇರುವುದು, ಎಲ್ಲವೂ ಕಾಸರಗೋಡಿನಲ್ಲಿ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ರಾಜ್ಯಗಳನ್ನು ಹೊಸದಾಗಿ ಹಂಚಿದವರು ಮಂಗಳೂರನ್ನು ಕನ್ನಡದ ರಾಜ್ಯಕ್ಕೂ ಪಕ್ಕದ ಕಾಸರಗೋಡನ್ನು ಕೇರಳಕ್ಕೂ ಕೊಟ್ಟರು. ಊರು ಮರಳಿ ಬಂದೇ ಬರುತ್ತದೆ ಎಂಬ ಹಿರಿಯರ ಮಾತನ್ನು ಆ ಪುಟ್ಟ ಹುಡುಗಿ ನಂಬಿದಳು, ಎಪ್ಪತ್ತು ದಾಟಿದರೂ ನಂಬಿಯೇ ಇದ್ದಾಳೆ. ತಮಾಷೆಯೆಂದರೆ, ಒಂದು ದಿನದ ಮಟ್ಟಿಗೂ ಕರ್ನಾಟಕದಲ್ಲಿ ಮನೆ ಮಾಡಿರದ ಈಕೆ ಅರ್ಜಿಯಲ್ಲಿ ಹುಟ್ಟಿದ ರಾಜ್ಯ 'ಕರ್ನಾಟಕ' ಎಂದು ತನ್ನ ದುಂಡನೆಯ ಟೀಚರಕ್ಷರದಲ್ಲಿ ಬರೆದು ಕಳುಹಿಸಿದ್ದಳು. ನಾನೂ ಅದೇ ಊರಿನವಳು ತಾನೇ, ನನ್ನ ಕಣ್ಣಿಗೆ ತಪ್ಪು ಬೀಳಲೇ ಇಲ್ಲ! ಪಾಸ್‌ಪೋರ್ಟಿನಲ್ಲಿ ಕೇರಳ ಎಂದಿದೆ, ತಿದ್ದಿ ಸಹಿ ಹಾಕಿ ಎಂದು ವೀಸಾದವರು ಪತ್ರ ಕಳುಹಿಸಿದರು.

ಅಮ್ಮ ಒಪ್ಪಲಿಲ್ಲ. "ಅವರು ಎಂತ ಬೇಕಾದರೂ ಬರೆದುಕೊಳ್ಳಲಿ, ನನ್ನ ಕೈಯಲ್ಲಿ ಬರೆಸಬೇಡ ಮಾರಾಯ್ತಿ."

ಸಿಟ್ಟು ನೆತ್ತಿಗೇರಿತ್ತು ನನಗೆ. ಐದು ವರ್ಷಗಳಿಂದ ಅವಳ ಮಡಿಲಲ್ಲಿ ತಲೆಯಿಟ್ಟಿಲ್ಲ. ನನಗಿಂತ ಆ ಗೆರೆ ಹೆಚ್ಚಾಯಿತೇ ಎಂದು ಹೊಟ್ಟೆಕಿಚ್ಚೂ ಪಟ್ಟೆ. ನೆಲವನ್ನು ಮರಳಿಸಲು ಸಂಸತ್ತಿನಲ್ಲಿ ಕೈಯೆತ್ತಿದರಾಯಿತು, ಆದರೆ ಅದಕ್ಕಾಗಿ ಒಂದು ಆಯುಷ್ಯ ಕಾದವರಿಗೆ ಏನನ್ನು ಮರಳಿಸುವುದೋ ನನಗೆ ತಿಳಿಯದು.

ಚರ್ಚೆಗೆ ಸಹಾಯವಾಗಲೆಂದು ಮಗಳು ಅಜ್ಜಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಜ್ಜಿ, ಲ್ಯಾಂಡ್ ವಾಪಸ್ ಕೊಟ್ರೆ ವಾಟ್ ಚೇಂಜಸ್?"

"ಗೊತ್ತಿಲ್ಲ ಮಗಾ. ನಮಗೆ ಕೊಟ್ಟದ್ದೇ ಇಲ್ಲ." ಅಮ್ಮ ಮಾತು ಬದಲಿಸಿ ಕೇಳಿದಳು: "ನೀನು ಈಗ ಎಷ್ಟು ಎತ್ತರ ಆಗಿದ್ದಿ?"

"ಟಾಲರ್ ದ್ಯಾನ್ ಅಮ್ಮ!"

"ಹೌದಾ?" ಅಮ್ಮನ ದನಿ ಸಣ್ಣದಾಯಿತು. "ಅಮ್ಮನಿಗೆ ಕೊಡು ಫೋನು."

ಕೊಟ್ಟಳು.

"ಆ ಕಾಗದ ಕಳಿಸು. ಕೇರಳ ಅಂತಲೇ ಬರೆಯುತ್ತೇನೆ."

ಮೂರು ವಾರ ಕಾಡಿ ಬೇಡಿದ್ದು ಇದೇ ಮಾತಿಗೆ. ಈಗ ಬೇಡಮ್ಮಾ, ಬರೆಯಬೇಡ ಎನ್ನಲು ಬಾಯಿ ತೆರೆದೆ. ಎನ್ನಲಿಲ್ಲ. ನನಗೆ ಅವಳು ಬೇಕಿತ್ತು.