ರಾವಿಯಾಳ ದವಡೆ ಮತ್ತು ಓಣಿಯ ಮದುವೆಗಳು

ತಾಂತಾ ಊರಿನ ಕಡಲೆ ಹುರಿಯುವವರ ಓಣಿಯಲ್ಲಿ ಮದುವೆ ಗೊತ್ತಾದರೆ ಮೊದಲು ಹೇಳಿಕಳಿಸುತ್ತಿದ್ದುದು ರಾವಿಯಾಗೆ. ಮದುಮಗಳ ಸೋದರಮಾವನಿಗೆ ಆಮೇಲೆ. ರಾವಿಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದಳು. ಓಣಿಗೆ ಅವಳ ಲೆಕ್ಕ ಬೇಕಿರಲಿಲ್ಲ, ಜಗ್ರೂತ ಬೇಕಿತ್ತು. ಅಂಗೈಯನ್ನು ಮೂಗಿನ ಕೆಳಗೆ ಅಡ್ಡ ಹಿಡಿದು, ನಾಲಿಗೆಯನ್ನು ಸರಸರ ಅತ್ತಿತ್ತ ಆಡಿಸುತ್ತ ಅವಳು 'ಲೋಲೋಲೋಲೀ' ಎಂದು ಎಬ್ಬಿಸಿದರೆ ಮಾಳಿಗೆಗಳ ಮೇಲಿನ ಪಾರಿವಾಳಗಳೆಲ್ಲ ಎದ್ದು ಒಂದು ಸುತ್ತು ಹಾಕಿ ಬರುತ್ತಿದ್ದವು. ಉಳಿದ ಹೆಂಗಸರಿಗೂ ಜಗ್ರೂತ ಬರುತ್ತಿತ್ತು, ಇಲ್ಲವೆಂದಲ್ಲ. ಆದರೆ ಅವರದು ಬಾಯಿಂದ ಬರುತ್ತಿತ್ತು, ರಾವಿಯಾಳದು ಎಲ್ಲಿಂದ ಬರುತ್ತಿತ್ತೋ ದೇವರಿಗೇ ಗೊತ್ತು. ಅದಿಲ್ಲದೆ ಆ ಓಣಿಯಲ್ಲಿ ಒಂದೂ ಮದುವೆ ಆಗಿರಲಿಲ್ಲ. ಮೂವತ್ತೆಂಟು ದಾಟಿದ್ದರೂ ಅವಳದೊಂದು ಮಾತ್ರ ಆಗದೆ ಉಳಿದಿತ್ತು. ಅದರ ಚಿಂತೆ ಅವಳಿಗಿಂತ ಓಣಿಗೇ ಹೆಚ್ಚಾಗಿತ್ತು.

ಅವಳ ಚಿಂತೆ ಬೇರೆಯದು. ಕೆಳದವಡೆ ಮೇಲಿನದನ್ನು ಬಿಟ್ಟು ಮುಂದೆ ಬಂದಿತ್ತು. ಬಾಯಿ ಎಷ್ಟು ಬಿಗಿಯಾಗಿ ಮುಚ್ಚಿದರೂ ಮುಂದಿನ ಹಲ್ಲುಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಜನ ರೊಟ್ಟಿಯನ್ನು ಕಚ್ಚಿ ಎಳೆದು ತಿನ್ನುವಾಗ ಇವಳು ಕೈಯಲ್ಲಿ ಚೂರು ಮಾಡಿ ದವಡೆಹಲ್ಲಿನ ಸಂದಿಗೆ ತಳ್ಳಬೇಕು. ಸಂಜೆಯ ಹೊತ್ತಿಗೆ ಕಿವಿಯ ಬುಡದಲ್ಲಿ ನೋವು ಶುರುವಾದರೆ ಏಳರ ಮಗ್ಗಿ ಹೇಳುವುದೂ ಕಷ್ಟ. ಹದಿನಾಲ್ಕರಲ್ಲಿ ಒಮ್ಮೆ ಹಲ್ಲಿಗೆ ತಂತಿ ಹಾಕಿಸಿದ್ದರು. ಅಷ್ಟರಲ್ಲಿ ಸೋದರಮಾವ ಶಹ್ಹಾತನ ಮದುವೆ ಬಂತು. ಫೋಟೋದಲ್ಲಿ ಹುಡುಗಿಯ ಬಾಯಿ ಪಂಜರದ ಹಾಗೆ ಕಾಣುತ್ತದೆ, ಬೀಗರು ಏನೆಂದುಕೊಂಡಾರು ಎಂದು ಮಾವ ಹಟ ಹಿಡಿದು ಅರ್ಧಕ್ಕೇ ತೆಗೆಸಿಹಾಕಿದ. ಆ ಮದುವೆ ಮುಂದಿನ ಹಬ್ಬದವರೆಗೂ ಬಾಳಲಿಲ್ಲ. ದವಡೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತ ಹೋಯಿತು.

ಈಗ ಶಸ್ತ್ರವೈದ್ಯ ಶಹೀರ್ ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇದು ತಂತಿಗೆ ಬಗ್ಗುವ ದವಡೆಯಲ್ಲ, ಮೂಳೆ ಕತ್ತರಿಸಿ ಹಿಂದಕ್ಕೆ ಕೂರಿಸಬೇಕು ಎಂದರು. ಆದರೆ ಅದಕ್ಕೂ ಮೊದಲು ತಂತಿಯೇ ಬೇಕಂತೆ. ಹಲ್ಲುಗಳೆಲ್ಲ ಸಾಲಾಗಿ ನಿಂತಮೇಲೆ ಕತ್ತರಿ. ತಂತಿ ಹಾಕುವ ಡಾಕ್ಟರ್ ದಾಲ್ಯಾ ಸಣ್ಣ ವಯಸ್ಸಿನವಳು, ಒಂದು ಕಾಲದಲ್ಲಿ ರಾವಿಯಾಳ ಬಳಿಯೇ ಲೆಕ್ಕ ಕಲಿತು ಒದೆ ತಿಂದಿದ್ದಳು. ಟೀಚರನ್ನು ಕರೆಯುತ್ತಿದ್ದ ಹಾಗೇ ಕರೆದು ಅವಳು ಸಲಿಗೆಯಿಂದಲೇ ಹೇಳಿದಳು: "ಅಬ್ಲಾ, ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೈಬೇಡಿ. ತಂತಿ ಹಾಕಿದ ಮೇಲೆ ಬಾಯಿ ಈಗಿರೋದಕ್ಕಿಂತ ಕೆಟ್ಟದಾಗಿ ಕಾಣತ್ತೆ. ಇಷ್ಟು ವರ್ಷ ಹಲ್ಲುಗಳು ವಾಲಿಕೊಂಡು ದವಡೆಯ ತಪ್ಪು ಮುಚ್ಚಿಟ್ಟಿವೆ. ನಾನು ಅವನ್ನ ನೆಟ್ಟಗೆ ನಿಲ್ಲಿಸ್ತೀನಿ, ಆಗ ನಿಜಸ್ಥಿತಿ ಹೊರಗೆ ಬರತ್ತೆ."

ರಾವಿಯಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಜಗ್ರೂತ ಬರತ್ತಾ?"

ದಾಲ್ಯಾ ನಕ್ಕಳು. ರಾವಿಯಾ ನಗುತ್ತಿಲ್ಲವೆಂದು ಗೊತ್ತಾಗಿ ನಿಲ್ಲಿಸಿದಳು. ಮುಂದಿನ ವಾರ ಇದೇ ಪ್ರಶ್ನೆಗೆ ಶಹೀರ್, ತುಟಿ ಕೆಲವು ತಿಂಗಳು ಮರಗಟ್ಟಬಹುದು, ಕೆಲವರಿಗೆ ಸ್ವಲ್ಪ ಹಾಗೇ ಉಳಿಯುವುದೂ ಉಂಟು, ಊಟ ಮಾತು ಉಸಿರಾಟದ ಬಗ್ಗೆ ಪುಸ್ತಕಗಳಲ್ಲಿದೆ, ಜಗ್ರೂತದ ಬಗ್ಗೆ ಯಾರೂ ಬರೆದಿಲ್ಲ ಎಂದು ಕೈಚೆಲ್ಲಿದರು.

ನಿಜ ಹೇಳಬೇಕೆಂದರೆ ರಾವಿಯಾಗೆ ಭಯವಾಯಿತು. ಓಣಿ ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದುದು ಆ ಗಂಟಲಿಗಾಗಿ. ಅದು ಹೋದರೆ ಉಳಿಯುವುದು ಮದುವೆಯಾಗದ ಒಬ್ಬ ಲೆಕ್ಕದ ಟೀಚರ್. ಅಂಥವರನ್ನು ಎಲ್ಲಿ ಕೂರಿಸುತ್ತಾರೆಂದು ಅವಳು ಎಷ್ಟೋ ಮದುವೆಗಳಲ್ಲಿ ನೋಡಿದ್ದಳು. ಆದರೂ ಒಂದು ರೊಟ್ಟಿಯನ್ನು ಎಲ್ಲರ ಹಾಗೆ ಕಚ್ಚಿ ತಿನ್ನುವ ಆಸೆಯೇ ದೊಡ್ಡದಾಯಿತು. ಹೋಗಿ ತಂತಿ ಕಟ್ಟಿಸಿಕೊಂಡು ಬಂದಳು.

ಅವಳ ಬಾಯಲ್ಲಿ ಲೋಹ ಹೊಳೆದದ್ದೇ ತಡ, ಓಣಿ ಅದಕ್ಕೊಂದು ಅರ್ಥ ಹಚ್ಚಿತು. ಈ ವಯಸ್ಸಿನಲ್ಲಿ ಹೆಂಗಸು ಹಲ್ಲು ನೇರ ಮಾಡಿಸಿಕೊಳ್ಳುತ್ತಾಳೆಂದರೆ ಗಂಡು ಗೊತ್ತಾಗಿದೆ! ಕುವೈತಿನಲ್ಲಿರುವ ವಿಧುರನಂತೆ ಎಂದರು ಕೆಲವರು. ಇಲ್ಲ, ಶಾಲೆಯ ಇನ್ಸ್‌ಪೆಕ್ಟರಂತೆ ಎಂದರು ಇನ್ನು ಕೆಲವರು. ಎದುರುಮನೆಯ ಉಮ್ಮ್ ಸಾಬಿರ್ ಒಂದು ತಟ್ಟೆ ಬಸ್ಬೂಸಾ ಸಿಹಿ ಹಿಡಿದು ವಿಚಾರಣೆಗೆಂದೇ ಬಂದಳು. ಸಾಬಿರನ ತಾಯಿ ಎಂಬುದಕ್ಕಿಂತ ಓಣಿಯ ತಾಯಿ ಎಂದೇ ಅವಳ ಭಾವನೆ.

"ನನ್ನ ಹತ್ರಾನೂ ಮುಚ್ಚಿಡ್ತೀಯಾ ಮಗಳೇ? ಯಾರವನು?"

"ಯಾರೂ ಇಲ್ಲ ಚಿಕ್ಕಮ್ಮ. ದವಡೆ ಆಪರೇಷನ್ನು. ಮೂಳೆ ಕತ್ತರಿಸಿ ಹಿಂದಕ್ಕೆ ಕೂರಿಸ್ತಾರೆ."

ಉಮ್ಮ್ ಸಾಬಿರ್ ಎದೆ ಬಡಿದುಕೊಂಡಳು. "ಅಯ್ಯೋ ನನ್ನ ಕರ್ಮವೇ! ಹಿಂದಕ್ಕಾ? ಆಮೇಲೆ ಜಗ್ರೂತ?"

"ಡಾಕ್ಟರಿಗೂ ಗೊತ್ತಿಲ್ಲವಂತೆ."

"ಗೊತ್ತಿಲ್ಲದೆ ಕತ್ತರಿ ಹಾಕ್ತಾನಾ? ಪ್ರವಾದಿಯಾಣೆ ಹೇಳ್ತೀನಿ, ನಿನ್ನ ಬಾಯಲ್ಲಿರೋ ಆ ಸಂದಿ ದೇವರೇ ಕೊಟ್ಟಿರೋದು. ಗಾಳಿ ಹೊರಗೆ ಬರೋದು ಅಲ್ಲಿಂದಾನೇ! ನನ್ನ ಸಾಬಿರನ ಮದುವೆ ಬಾಕಿ ಇದೆಯಲ್ಲೇ!"

"ನನಗೆ ರೊಟ್ಟಿ ಕಚ್ಚೋಕಾಗಲ್ಲ ಚಿಕ್ಕಮ್ಮ."

"ನೆನೆಸಿಕೊಂಡು ತಿನ್ನು!" ಎಂದಳು ಉಮ್ಮ್ ಸಾಬಿರ್. ತಾನು ತಂದ ಬಸ್ಬೂಸಾದಲ್ಲಿ ಅರ್ಧ ತಾನೇ ತಿಂದು, ಉಳಿದದ್ದರಲ್ಲಿ ಬಾದಾಮಿ ಇದೆ, ನಿನಗಾಗಲ್ಲ ಎಂದು ತಟ್ಟೆಯನ್ನು ವಾಪಸು ತೆಗೆದುಕೊಂಡು ಹೋದಳು.

ರಾವಿಯಾಳ ತಾಯಿ ಹಾಜ್ಜಾ ಬಸೀಮಾ ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅವಳು ಹೇಳೋದ್ರಲ್ಲೂ ನ್ಯಾಯ ಇದೆ" ಎಂದಳು.

"ನಿನ್ನ ಮಗಳು ನಾನಮ್ಮ, ಸಾಬಿರ್ ಅಲ್ಲ."

"ಗೊತ್ತು ಕಣೇ. ಆದ್ರೆ ಓಣೀಲಿ ಬಾಳಬೇಕಲ್ಲ."

ದಾಲ್ಯಾ ಹೇಳಿದಂತೆಯೇ ಆಯಿತು. ತಿಂಗಳು ಕಳೆದಂತೆ ಹಲ್ಲುಗಳು ನೆಟ್ಟಗಾದವು, ಗದ್ದ ಮುಂದೆ ಮುಂದೆ ಹೋಯಿತು. ದುಡ್ಡು ಕೊಟ್ಟು ಕುರೂಪ ಕೊಂಡುಕೊಂಡ ಹೆಂಗಸು ಎಂದು ಓಣಿಗೆ ಒಳ್ಳೆಯ ಮಾತು ಸಿಕ್ಕಿತು. ಶಾಲೆಯ ಹುಡುಗಿಯರೇ ವಾಸಿ. ಅವರಲ್ಲಿ ಅರ್ಧ ಜನರ ಬಾಯಲ್ಲೂ ತಂತಿ ಇತ್ತು. ಚುಚ್ಚುವ ಕಡೆ ಮೇಣ ಹಚ್ಚುವುದನ್ನು ಹಿಂದಿನ ಬೆಂಚಿನ ಹುಡುಗಿಯೊಬ್ಬಳಿಂದ ರಾವಿಯಾ ಕಲಿತಳು. ಒಳಗೆ ಮೇಣ, ಮೇಲೆ ಅಂಗೈ, ಹೀಗೆ ಜಗ್ರೂತವೂ ಸಾಗಿತು. ಎಲ್ಲೋ ಒಂದು ಸೀಟಿಯಂಥ ಎಳೆ ಸೇರಿಕೊಂಡಿತ್ತು, ಮೊದಲಿಗಿಂತ ದೂರ ಕೇಳಿಸುತ್ತಿತ್ತು. ಒಂದು ಮದುವೆಯಲ್ಲಿ ನಾಲಿಗೆ ತಂತಿಗೆ ಸಿಕ್ಕಿ ರಕ್ತ ಬಂತು. ಉಮ್ಮ್ ಸಾಬಿರ್ ಓಡಿ ಬಂದು, ನೋವಾಯಿತೇ ಎಂದು ಕೇಳುವ ಬದಲು, "ಇನ್ನೂ ಎರಡು ಬಾಕಿ ಇದೆ, ಗಂಡಿನ ಕಡೆಯವರು ಈಗ ತಾನೇ ಬಂದ್ರು" ಎಂದಳು. ರಾವಿಯಾ ರಕ್ತ ನುಂಗಿಕೊಂಡು ಎರಡನ್ನೂ ಮುಗಿಸಿದಳು.

ಆಪರೇಷನ್ನಿನ ದಿನ ಗೊತ್ತಾದಾಗ ನಡೆದದ್ದನ್ನು ಬೇರೆ ಊರಿನವರು ನಂಬಲಿಕ್ಕಿಲ್ಲ. ದವಡೆಗೆ ಕತ್ತರಿ ಬೀಳುವುದರೊಳಗೆ ಎಂದು ಓಣಿಯ ಮದುವೆಗಳೆಲ್ಲ ಹಿಂದಕ್ಕೆ ಸರಿದವು. ಬೇಸಿಗೆಯ ಮದುವೆ ಚಳಿಗಾಲಕ್ಕೆ ಬಂತು. ಪರೀಕ್ಷೆ ಬಾಕಿಯಿದ್ದ ಹುಡುಗಿ ಕೈಗೆ ಮದರಂಗಿ ಹಚ್ಚಿಕೊಂಡು ಉತ್ತರ ಬರೆದಳು. ಇನ್ನೂ ಒಪ್ಪಿಗೆಯನ್ನೇ ಕೊಡದ ಒಬ್ಬ ತಂದೆಯನ್ನು ನಾಲ್ಕು ಜನ ಸೇರಿ, ರಾವಿಯಾಳ ಬಾಯಿ ಮುಚ್ಚಿದ ಮೇಲೆ ಒಪ್ಪಿ ಏನು ಪ್ರಯೋಜನ ಎಂದು ಒಪ್ಪಿಸಿದರು. ಎಲ್ಲಕ್ಕಿಂತ ಅವಸರ ಮಾಡಿದವಳು ಉಮ್ಮ್ ಸಾಬಿರ್. ಮಗನ ಹೊಸ ಮನೆಗೆ ನೆಲದ ಹಾಸು ಬಿದ್ದಿರಲಿಲ್ಲ, ಬಾಗಿಲುಗಳು ಇನ್ನೂ ಬಡಗಿಯ ಹತ್ತಿರ ಇದ್ದವು. "ಬಾಗಿಲು ಯಾವಾಗಾದ್ರೂ ಬರತ್ತೆ, ಜಗ್ರೂತ ಬರತ್ತಾ?" ಎಂದು ಅವಳು ಮದುವೆ ಮುಗಿಸಿಯೇಬಿಟ್ಟಳು. ಮಲಗುವ ಕೋಣೆಗೆ ಹಾಸಿಗೆಯ ಹೊದಿಕೆಯನ್ನೇ ಬಾಗಿಲಾಗಿ ಇಳಿಬಿಟ್ಟುಕೊಂಡು ನವದಂಪತಿ ಸಂಸಾರ ಹೂಡಿದರು. ಅದರ ವರದಿ ಓಣಿಗೆಲ್ಲ ದಿನವೂ ಮುಟ್ಟುತ್ತಿತ್ತು.

ಕೊನೆಗೂ ದವಡೆ ಕತ್ತರಿಸಿ, ಹಿಂದಕ್ಕೆ ಕೂರಿಸಿ, ಮೇಲಿನ ಕೆಳಗಿನ ತಂತಿಗಳಿಗೆ ರಬ್ಬರು ಬಿಗಿದು ರಾವಿಯಾಳನ್ನು ಮನೆಗೆ ಕಳಿಸಿದರು. ಮುಖ ಊದಿ ಕುಂಬಳಕಾಯಿಯಾಗಿತ್ತು. ಕುಡಿಯಲು ಸ್ಟ್ರಾನಲ್ಲಿ ಸಾರು, ಹಾಲು, ಅಷ್ಟೇ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದು ಓಣಿಗೆ ಅವಮಾನ. ಅದಕ್ಕೇ ಹೊಟ್ಟೆಗೆ ಅಕ್ಕಿ ತುಂಬಿ ಬೇಯಿಸಿದ ಪಾರಿವಾಳ, ಕರಿದ ಬಾತುಕೋಳಿ, ಎಲೆಕೋಸಿನ ಸುರುಳಿ ಹೊತ್ತು ಬಂದರು. ಬಂದವರು ಅವಳ ಮಂಚದ ಸುತ್ತ ಕೂತು ಅದನ್ನು ತಾವೇ ತಿಂದು, ಅವಳ ಪರವಾಗಿ ದೇವರಿಗೆ ಕೃತಜ್ಞತೆ ಹೇಳಿ, ಖಾಲಿ ಪಾತ್ರೆಯೊಂದಿಗೆ ಮರಳಿದರು. ಬಾಯಿ ಬಿಡಲಾಗದ ರಾವಿಯಾ ಚೀಟಿಯಲ್ಲಿ 'ಸಾಕು, ಹೊರಡಿ' ಎಂದು ಬರೆದು ತೋರಿಸಿದರೆ, ಕನ್ನಡಕ ತಂದಿಲ್ಲವೆಂದು ಎಲ್ಲರೂ ನಕ್ಕರು.

ಊತ ಇಳಿಯಿತು, ರಬ್ಬರು ಸಡಿಲವಾಯಿತು, ಮಾತು ಬಂತು. ತುಟಿ ಮಾತ್ರ ಅವಳದಲ್ಲ ಎಂಬಂತೆ ಜಡವಾಗಿ ಕೂತಿತ್ತು. ಹೀಗೇ ತಿಂಗಳುಗಳು ಕಳೆದು ಸಾಬಿರನಿಗೆ ಮಗು ಹುಟ್ಟಿ ಏಳನೇ ದಿನದ ಸಮಾರಂಭ ಬಂತು. ಉಮ್ಮ್ ಸಾಬಿರ್ ಕರೆಯುವುದಕ್ಕೆ ಮುಂಚೆ ಪರೀಕ್ಷೆ ಮಾಡಲು ಬಂದಳು.

"ಒಂದು ಚೂರು ಎಬ್ಬಿಸು ನೋಡೋಣ. ನನಗೋಸ್ಕರ."

ರಾವಿಯಾ ಅಂಗೈ ಹಿಡಿದು ಎಬ್ಬಿಸಿದಳು. ಬರೀ ಗಾಳಿ ಬಂತು, ಜೊತೆಗೆ ಒಂದಿಷ್ಟು ಜೊಲ್ಲು.

"ನಾನು ಹೇಳಿದ್ದೆ" ಎಂದಳು ಉಮ್ಮ್ ಸಾಬಿರ್. ಅವಳ ದನಿಯಲ್ಲಿ ದುಃಖಕ್ಕಿಂತ ಗೆದ್ದ ಸಂತೋಷವೇ ಹೆಚ್ಚಾಗಿತ್ತು. ಆ ಸಮಾರಂಭಕ್ಕೆ ಯಾರದೋ ಮೊಬೈಲಿನಲ್ಲಿದ್ದ ಹಳೆಯ ಮದುವೆಯ ವಿಡಿಯೋದಿಂದ ರಾವಿಯಾಳ ಜಗ್ರೂತವನ್ನೇ ಧ್ವನಿವರ್ಧಕಕ್ಕೆ ಹಾಕಿದರು. ರಾವಿಯಾಳನ್ನು ಕರೆಯಲು ಮರೆತರು. ಎದುರುಮನೆಯಲ್ಲಿ ತನ್ನ ದನಿ ತಾನಿಲ್ಲದೆ ಮೊಳಗುವುದನ್ನು ಕಿಟಕಿಯ ಹಿಂದೆ ನಿಂತು ಕೇಳಿ ಅವಳು ಅತ್ತಳು. ತಾನು ಮಾಡಿದ್ದು ತಪ್ಪೇ ಎಂದು ಅಂದು ಮೊದಲ ಸಲ ಅನ್ನಿಸಿತು. ತಾಯಿ ಬಂದು ಪಕ್ಕದಲ್ಲಿ ನಿಂತು, "ಆ ಧ್ವನಿವರ್ಧಕ ಕೆಟ್ಟುಹೋಗ" ಎಂದು ಶಾಪ ಹಾಕಿ ಕಿಟಕಿ ಮುಚ್ಚಿದಳು.

ಆಮೇಲೆ ಓಣಿಯಲ್ಲಿ ಮದುವೆಗಳೂ ಇರಲಿಲ್ಲ. ಇದ್ದವನ್ನೆಲ್ಲ ಮೊದಲೇ ಮುಗಿಸಿಬಿಟ್ಟಿದ್ದರಲ್ಲ. ರಾವಿಯಾ ಶಾಲೆ, ಮನೆ, ದಾಲ್ಯಾಳ ಕ್ಲಿನಿಕ್ಕು ಎಂದು ಓಡಾಡಿಕೊಂಡಿದ್ದಳು. ತುಟಿಯಲ್ಲಿ ಇರುವೆ ಹರಿದಂತೆ ಜುಮುಜುಮು ಶುರುವಾಯಿತು, ಆಮೇಲೆ ಚಹಾದ ಬಿಸಿ ತಿಳಿಯತೊಡಗಿತು. ಜಗ್ರೂತವನ್ನು ಮಾತ್ರ ಅವಳು ಮತ್ತೆ ಪ್ರಯತ್ನಿಸಲಿಲ್ಲ. ಇನ್ನೊಮ್ಮೆ ಬರೀ ಗಾಳಿ ಬಂದರೆ ತಡೆದುಕೊಳ್ಳುವ ಧೈರ್ಯ ಇರಲಿಲ್ಲ.

ತಂತಿ ತೆಗೆಯುವ ದಿನ ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ. ಮಕ್ಕಳನ್ನು ಕರೆತಂದ ತಾಯಂದಿರು, ಅಜ್ಜಿಯರು. ಒಳಗೆ ದಾಲ್ಯಾ ಕಟಕಟನೆ ತಂತಿ ಬಿಡಿಸಿ, ಅಂಟು ಕೆರೆದು, ಹಲ್ಲು ತೊಳೆದು ಕನ್ನಡಿ ಕೊಟ್ಟಳು. ರಾವಿಯಾ ಕನ್ನಡಿಯಲ್ಲಿ ಹೆಚ್ಚು ಹೊತ್ತು ನೋಡಲಿಲ್ಲ.

"ಈಗ ಮುಂದಿನ ಹಲ್ಲಲ್ಲಿ ಕಚ್ಚಬಹುದಾ?"

"ಈಗ ಕಚ್ಚಬಹುದು ಅಬ್ಲಾ. ಏನನ್ನಾದ್ರೂ ಕಚ್ಚಿ."

ರಾವಿಯಾ ಚೀಲದಿಂದ ದಾರಿಯಲ್ಲಿ ಕೊಂಡಿದ್ದ ಸೌತೆಕಾಯಿಯೊಂದನ್ನು ತೆಗೆದು, ಸೆರಗಿಲ್ಲದ್ದರಿಂದ ತೋಳಿಗೇ ಒರೆಸಿ, ಮುಂದಿನ ಹಲ್ಲಲ್ಲಿ ಹಿಡಿದು ಕಚ್ಚಿದಳು. ಕಟುಕ್ಕೆಂದು ತುಂಡಾಯಿತು. ನೋಡಿದರೆ ಸೌತೆಕಾಯಿಯ ಮೇಲೆ ಅವಳ ಹಲ್ಲಿನ ಸಾಲು ಅಚ್ಚೊತ್ತಿದಂತೆ ಬಿದ್ದಿತ್ತು. ಅವಳು ಅದನ್ನೇ ನೋಡುತ್ತ ನುಂಗಿದಳು. ಅಂಗೈ ತಾನಾಗಿಯೇ ಮೂಗಿನ ಕೆಳಗೆ ಹೋಯಿತು. ಯಾರನ್ನೂ ಕೇಳದೆ, ಯಾರೂ ಕೇಳಿಕೊಳ್ಳದೆ, ಜಗ್ರೂತ ಎದ್ದುಬಂತು. ಮೊದಲು ಒರಟಾಗಿ, ಆಮೇಲೆ ಸರಾಗವಾಗಿ, ಕೊನೆಗೆ ಹಿಂದೆಂದೂ ಇಲ್ಲದಷ್ಟು ಉದ್ದವಾಗಿ ಬಂತು. ದಾಲ್ಯಾಳ ಕೈಯಲ್ಲಿದ್ದ ಇಕ್ಕಳ ಕೆಳಗೆ ಬಿತ್ತು.

ನಮ್ಮೂರಿನ ಹೆಂಗಸರು ಜಗ್ರೂತ ಕೇಳಿದರೆ ಕಾರಣ ಕೇಳಿಕೊಂಡು ಕೂರುವವರಲ್ಲ. ಮೊದಲು ಉತ್ತರ ಕೊಡುತ್ತಾರೆ, ವಿಚಾರಣೆ ಆಮೇಲೆ. ಹೊರಕೋಣೆಯಿಂದ ಒಂದು ಎದ್ದಿತು, ಅದರ ಬೆನ್ನಿಗೆ ಮತ್ತೆರಡು. ದಪ್ಪಗಿನ ಅಪರಿಚಿತ ಹೆಂಗಸೊಬ್ಬಳು ಬಾಗಿಲು ತಳ್ಳಿಕೊಂಡು ಒಳಗೇ ಬಂದಳು.

"ಮಬ್ರೂಕ್, ಮಬ್ರೂಕ್! ಮದುಮಗಳು ಯಾರಮ್ಮ?"

"ಮದುವೆ ಅಲ್ಲ" ಎಂದಳು ರಾವಿಯಾ. ಕಣ್ಣಲ್ಲಿ ನೀರು ತುಂಬಿತ್ತು. "ಸೌತೆಕಾಯಿ ಕಚ್ಚಿದೆ."

ಆ ಹೆಂಗಸು ಸೌತೆಕಾಯಿಯನ್ನು ನೋಡಿದಳು, ರಾವಿಯಾಳ ಬಾಯಿಯನ್ನು ನೋಡಿದಳು.

"ಹಾಗಾದ್ರೆ ನಿನಗೇ ಇರಲಿ ಇನ್ನೊಂದು" ಎಂದು ಅಲ್ಲೇ ನಿಂತು ಎಬ್ಬಿಸಿದಳು. ಇಷ್ಟು ವರ್ಷಗಳಲ್ಲಿ ರಾವಿಯಾಗಾಗಿ ಯಾರಾದರೂ ಎಬ್ಬಿಸಿದ ಮೊದಲ ಜಗ್ರೂತ ಅದು. ಅಷ್ಟೇನೂ ಚೆನ್ನಾಗಿರಲಿಲ್ಲ, ನಡುವೆ ಉಸಿರು ಬೇರೆ ಸಾಲದೆ ಹೋಯಿತು. ರಾವಿಯಾ ತಿದ್ದಲು ಹೋಗದೆ, ಕೊನೆಯವರೆಗೂ ಕೇಳಿಸಿಕೊಂಡಳು.