ಗುರುಶಾಂತ ಗಯಾಸುದ್ದೀನನ ಮನೆಗೆ ಹೋದದ್ದು

ಹುಮನಾಬಾದಿನ ಬಸ್ ಸ್ಟ್ಯಾಂಡ್ ಎದುರು ಮದುವೆಗಳ ವಿಡಿಯೊ ತೆಗೆಯುತ್ತಿದ್ದ ಗುರುಶಾಂತನ ವಿಷಯ ನನ್ನನ್ನು ಕೇಳಿ. ಪಕ್ಕದ ಚಹಾದಂಗಡಿ ನನ್ನದೇ. ಕೆಲಸಗಾರನೇನೋ ಹೌದು, ಆದರೆ ಕರೆಂಟು ಹೋದರೂ ಯಾರನ್ನಾದರೂ ಬಯ್ಯದೆ ಇರುವ ಗಿರಾಕಿಯಲ್ಲ.

೨೦೦೮ರ ದಸರೆ ಮುಗಿದಿತ್ತು. ಕೊಹಿನೂರ ಹಳ್ಳಿಯ ಸುಗಂಧಾ ತನ್ನ ತಾಯಿ ಸಖುಬಾಯಿಯ ಜೊತೆ ಅವನ ಅಂಗಡಿಗೆ ಬಂದಳು. ಬೇಸಿಗೆಯಲ್ಲಿ ಆಕೆಯ ಮದುವೆಯಾಗಿತ್ತು, ಶ್ರಾವಣದಲ್ಲಿ ತಂದೆ ದೇವಿಂದ್ರಪ್ಪ ತೀರಿಕೊಂಡಿದ್ದ. ಮದುವೆಯ ಸಿ.ಡಿ. ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಎಡಿಟಿಂಗ್ ನಡೆದಿದೆ ಎಂದು ಈ ಮಹಾರಾಯ ಓಡಾಡಿಸುತ್ತಲೇ ಇದ್ದ.

"ಸಿ.ಡಿ. ಯಾವಾಗರೆ ಕೊಡ್ರಿ ಅಣ್ಣಾ. ನಮ್ಮಪ್ಪ ಮಾತಾಡಿದ್ದಷ್ಟು ತೋರಸ್ರಿ. ಅಂವನ ದನಿ ಬ್ಯಾರೆ ಎಲ್ಲೂ ಇಲ್ಲ," ಎಂದಳು ಸುಗಂಧಾ.

ಮದುವೆಗಳನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕನ್ನು ಗುರುಶಾಂತ ಕಂಪ್ಯೂಟರಿಗೆ ಚುಚ್ಚಿದ. ವಿಡಿಯೊ ಶುರುವಾಗಿ ಅಲ್ಲೇ ನಿಂತಿತು. ಫೈಲ್ ಓದಲು ಆಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಕಿತ್ತು ಮತ್ತೆ ಚುಚ್ಚಿದ, ಹಿಂದಿನ ಕಿಂಡಿಗೆ ಹಾಕಿದ. ಡಿಸ್ಕು ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯ. ಕ್ಯಾಮೆರಾದ ಟೇಪಿನ ಮೇಲೆ ಆಗಲೇ ಬೇರೆ ಮದುವೆ ತೆಗೆದಾಗಿತ್ತು. ಅಂದರೆ ಆ ದನಿ ಇದ್ದದ್ದು ಇದೊಂದರಲ್ಲೇ.

ನನ್ನದು ತಪ್ಪಾಯಿತು ತಾಯಿ ಎನ್ನಬೇಕೋ ಬೇಡವೋ? ಸೀದಾ ರಸ್ತೆಗಿಳಿದು ಎದುರಿನ ಕಂಪ್ಯೂಟರ್ ರಿಪೇರಿಯ ಗಯಾಸುದ್ದೀನನ ಮೇಲೆ ಹಾರಿದ. ದಸರೆಗೆ ಮೊದಲು ಅವನು ಆ ಡಿಸ್ಕನ್ನು ಒಂದು ದಿನ ಕೇಳಿ ಒಯ್ದಿದ್ದ.

"ಕೆಡವಿ ಸುಮ್ಮ ತಂದಿಟ್ಟೀಯಲ್ಲೋ! ಮನಷ್ಯಾ ಏನೋ ನೀ?"

"ಕಸಮ್ ಭಾಯ್, ನನ್ನ ಕೈಯಾಗಿಂದ ಬಿದ್ದಿಲ್ರಿ."

ಯಾರು ಕೇಳುತ್ತಾರೆ? ಬಜಾರಿಗೆ ಬಜಾರೇ ನೆರೆಯಿತು. "ಸತ್ತವನ ದನೀನೂ ಕಸಗೊಂಡೆಲ್ಲೋ," ಎಂದು ಸಖುಬಾಯಿ ಗಯಾಸುದ್ದೀನನಿಗೆ ಶಾಪ ಹಾಕಿದಳು. ಪಾಪ, ಅವನು ಶಟರ್ ಎಳೆದು ಮನೆಗೆ ಹೋದ.

ಮರುದಿನ ಗುರುಶಾಂತ ನನ್ನನ್ನೂ ಕರೆದುಕೊಂಡು ಬಸವಕಲ್ಯಾಣದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದ. ಆತ ಬೇರೆ ಕೇಬಲ್ ಹಾಕಿ ನೋಡಿದ, ಬೇರೆ ಕಂಪ್ಯೂಟರಿಗೂ ಹಚ್ಚಿದ. ಆಗಲಿಲ್ಲ. ಕೊನೆಗೆ ಡಿಸ್ಕನ್ನು ಅದರ ಕರಿ ಡಬ್ಬಿಯಿಂದ ಬಿಚ್ಚಿ ನೇರವಾಗಿ ಕಂಪ್ಯೂಟರಿನೊಳಗೆ ಜೋಡಿಸಿದ. ವಿಡಿಯೊ ಎಲ್ಲೂ ತಡೆಯದೆ ಓಡಿತು.

"ಡಿಸ್ಕಿಗೇನೂ ಆಗಿಲ್ರಿ, ಡಬ್ಬಿ ಕೆಟ್ಟದ. ಇಲ್ನೋಡ್ರಿ," ಎಂದು ಕೇಬಲ್ ಚುಚ್ಚುವ ಕಿಂಡಿ ತೋರಿಸಿದ. ಒಳಗೆ ವಿಭೂತಿ, ಕುಂಕುಮ, ತೆಂಗಿನಕಾಯಿ ನೀರು ಕಲೆತು ಗಟ್ಟಿಯಾಗಿ ಕೂತಿದ್ದವು. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಕ್ಯಾಮೆರಾ, ಲೈಟು, ಡಿಸ್ಕು ಎಲ್ಲವನ್ನೂ ಸಾಲಾಗಿಟ್ಟು ವಿಭೂತಿ ಬಳಿದು ಕಾಯಿ ಒಡೆದವನು ಗುರುಶಾಂತನೇ. "ಪೂಜಾ ಭಾಳ ಜೋರ್ ಮಾಡೀರಿ," ಎಂದು ಮೆಕ್ಯಾನಿಕ್ ನಕ್ಕ. ಗುರುಶಾಂತನ ಮುಖ ಕಪ್ಪಿಟ್ಟಿತು. ನಾಚಿಕೆಯಿಂದ ನನ್ನ ಕಡೆಗೂ ನೋಡಲಿಲ್ಲ.

ಬಸ್ಸಿನಲ್ಲಿ ಮೆಲ್ಲಗೆ, "ಸಂಜಿಗೆ ಗಯಾಸುದ್ದೀನನ ಕಿವಿಯಾಗ ಹೇಳಿಬಿಡ್ತೀನಿ," ಎಂದ. ನನಗೆ ಸಿಟ್ಟು ನೆತ್ತಿಗೇರಿತು. "ಬೈದದ್ದು ಬಜಾರಿನಾಗ, ಮಾಫಿ ಕೇಳೋದು ಕಿವಿಯಾಗೇನು?"

ಸುಗಂಧಾ, ಸಖುಬಾಯಿ ಮತ್ತೆ ಬಂದಾಗ ಗುರುಶಾಂತ ಅವರನ್ನು ಗಯಾಸುದ್ದೀನನ ಅಂಗಡಿಗೇ ಕರೆದೊಯ್ದು, ನಾಲ್ಕು ಜನರೆದುರು ತಪ್ಪು ತನ್ನದೆಂದು ಹೇಳಿದ. ಗಯಾಸುದ್ದೀನ್ ಅವರಿಗೆ ಕುರ್ಚಿ ಹಾಕಿ ವಿಡಿಯೊ ಹಚ್ಚಿದ. "ಎಲ್ಲಾರೂ ಉಂಡು ಹೋಗ್ರಪ್ಪಾ," ಎಂದ ದೇವಿಂದ್ರಪ್ಪನ ದನಿ ಅಂಗಡಿ ತುಂಬಿತು. ಸಖುಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗುರುಶಾಂತ ಕೈ ಮುಗಿದ. ಗಯಾಸುದ್ದೀನ್, "ನಂದಿರಲಿ ಭಾಯ್, ಮನಿಗಿ ಬಂದು ಅಮ್ಮೀಗಿ ಹೇಳ್ರಿ," ಎಂದ.

ಹೋದೆವು. ಅವನ ತಾಯಿ ವಜೀರಬಿ ಹೊಸ್ತಿಲಲ್ಲೇ ಕೂತಿದ್ದಳು. ಗುರುಶಾಂತ ಎಲ್ಲ ಹೇಳಿ ತಲೆ ತಗ್ಗಿಸಿ ನಿಂತ. ಮುದುಕಿ ಅವನತ್ತ ನೋಡಲೇ ಇಲ್ಲ. ಮಗನ ಕೈ ಹಿಡಿದುಕೊಂಡು, "'ಖರೇ ಹೇಳು, ಕೆಡವಿದಿಯೇನು' ಅಂತ ಆ ದಿನ ನಾನೂ ನಿನಗ ಕೇಳಿದ್ನೆಲ್ಲೋ ಬೇಟಾ," ಎಂದು ಅಳತೊಡಗಿದಳು.